ಭೂಗತ ಲೋಕದ ಗೇಮ್‌ನಲ್ಲಿ ನಿಜ ಎಷ್ಟಿರಬೇಕು?

ಪ್ರಶ್ನೆ: ನಾನು ಡೊಂಬಿವಲಿಯವನು, ಮೂಲ ಕುಂದಾಪುರದ ಕಡೆ. ಅಜ್ಜ ಪರೇಲ್‌ನಲ್ಲಿ ಮಿಲ್ಲುಗಳ ಹತ್ತಿರ ಹೋಟೆಲ್ ನಡೆಸುತ್ತಿದ್ದರು. ವಾರ ವಾರ ಹಫ್ತಾಕ್ಕೆ ಬರುತ್ತಿದ್ದವನ ಕತೆಗಳನ್ನು ಅವರ ಬಾಯಲ್ಲೇ ಕೇಳಿ ಬೆಳೆದೆ. ಈಗ ನಾಲ್ವರು ಗೆಳೆಯರು ಸೇರಿ 1982ರ ಮುಂಬಯಿಯ ಭೂಗತ ಲೋಕದ ಮೇಲೆ ಒಂದು ಓಪನ್ ವರ್ಲ್ಡ್ ಗೇಮ್ (ಆಟಗಾರ ಊರಿಡೀ ಬೇಕಾದ ಹಾಗೆ ತಿರುಗಬಹುದಾದ ಆಟ) ಮಾಡುತ್ತಿದ್ದೇವೆ. ನಮ್ಮಲ್ಲೇ ಜಗಳ. ಒಬ್ಬ ಎಲ್ಲವೂ ನಿಜದ ಹಾಗೇ ಇರಬೇಕು ಅನ್ನುತ್ತಾನೆ: ಪೆಟ್ರೋಲ್ ಮುಗಿಯಬೇಕು, ಸಿಗ್ನಲ್ ಹಾರಿದರೆ ದಂಡ ಬೀಳಬೇಕು, ಒಂದೇ ಗುಂಡಿಗೆ ಸಾಯಬೇಕು, ಲೋಕಲ್ ರೈಲಿಗೆ ಕಾಯಬೇಕು. ಇನ್ನೊಬ್ಬನಿಗೆ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೊ) ಥರ ಬೇಕು. ಎರಡು ಬಗೆಯ ಡೆಮೊ ಮಾಡಿ ಪರಿಚಯದವರಿಗೆ ಆಡಲು ಕೊಟ್ಟೆವು. ಮೊದಲನೆಯದನ್ನು ಅರ್ಧಕ್ಕೇ ಬಿಟ್ಟು ಎದ್ದರು. ಎರಡನೆಯದನ್ನು ನೋಡಿ 'ಇದು ಜಿಟಿಎ ತಾನೇ, ಟ್ಯಾಕ್ಸಿ ಮಾತ್ರ ಬೇರೆ' ಅಂದರು. ಅಪ್ಪನಿಗೆ ಗೂಂಡಾಗಳ ಮೇಲೆ ಆಟ ಮಾಡುವುದೇ ಸರಿ ಕಾಣುತ್ತಿಲ್ಲ. ನಾವು ಯಾವ ದಾರಿ ಹಿಡಿಯಬೇಕು?

ಉತ್ತರ: ನಿಮ್ಮ ಎರಡು ಡೆಮೊಗಳಿಗೆ ಬಂದ ದೂರು ಬೇರೆ ಬೇರೆ ಅಂತ ನೀವು ತಿಳಿದಿದ್ದೀರಿ. ನನಗೆ ಎರಡೂ ಒಂದೇ ಅನ್ನಿಸುತ್ತದೆ. ಎದ್ದು ಹೋದವರೂ 'ಇದು ಜಿಟಿಎ ತಾನೇ' ಅಂದವರೂ ಹೇಳಿದ್ದು ಇಷ್ಟೇ: ನಾನು ಏನು ಮಾಡಿದರೂ ಈ ಊರು ನನಗೆ ಉತ್ತರ ಕೊಡಲಿಲ್ಲ. ಪುಣೆಯಲ್ಲಿ ಗೇಮ್ ಡಿಸೈನ್ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಗೊತ್ತಾಗಿರುವುದೆಂದರೆ, 'ನಿಜ ಬೇಕೋ, ಮಜಾ ಬೇಕೋ' ಎಂಬ ಜಗಳ ಶುರುವಾದ ಕಡೆಯಲ್ಲೆಲ್ಲ ಅಸಲು ತೊಂದರೆ ಬೇರೆ ಎಲ್ಲೋ ಇರುತ್ತದೆ. ಆಟಗಾರನಿಗೆ ಅಲ್ಲಿ ತೀರ್ಮಾನಿಸಬೇಕಾದದ್ದೇ ಏನೂ ಇರುವುದಿಲ್ಲ.

ಮೊದಲು ಜಿಟಿಎ ಬಗ್ಗೆ ಇರುವ ಒಂದು ನಂಬಿಕೆಯನ್ನು ಪಕ್ಕಕ್ಕಿಡೋಣ. ಅದು ಹುಟ್ಟಿನಿಂದಲೇ ಗಲಾಟೆಯ ಆಟ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸ್ಕಾಟ್ಲೆಂಡಿನ ಡಿಎಂಎ ಡಿಸೈನ್ ಅದನ್ನು ಶುರು ಮಾಡಿದಾಗ ಅದರ ಹೆಸರು 'ರೇಸ್ ಎನ್ ಚೇಸ್'. ಕಳ್ಳ-ಪೊಲೀಸ್ ಆಟ ಅದು, ಪೊಲೀಸರ ಕಡೆಯಿಂದಲೂ ಆಡಬಹುದಿತ್ತು. ಆದರೆ ನಿಯಮ ಪಾಲಿಸಿಕೊಂಡು ಓಡಿಸುವುದು ಯಾರಿಗೂ ಹಿಡಿಸಲಿಲ್ಲ. ಬೆಳೆಸುವ ಹಂತದಲ್ಲಿ ಪೊಲೀಸ್ ಕಾರುಗಳು ಹುಚ್ಚು ಹಿಡಿದವರಂತೆ ಬಂದು ಗುದ್ದತೊಡಗಿದಾಗ ಆಟಕ್ಕೆ ಜೀವ ಬಂತು, 1997ರಲ್ಲಿ ಬಿಡುಗಡೆಯಾದದ್ದು ಆ ರೂಪ. ಅವರನ್ನು ಗೆಲ್ಲಿಸಿದ್ದು ನಿಯಮವಿಲ್ಲದ ಸ್ವಾತಂತ್ರ್ಯ ಅಂತ ನಿಮ್ಮ ಎರಡನೇ ಗೆಳೆಯ ಹೇಳಬಹುದು. ನಾನು ಒಪ್ಪುವುದಿಲ್ಲ. ನೀನು ತಪ್ಪು ಮಾಡಿದ ತಕ್ಷಣ ಊರು ಎದ್ದು ಬೆನ್ನಟ್ಟುತ್ತದೆ ಎಂಬ ಒಂದೇ ಒಂದು ನಿಯಮ ಅವರನ್ನು ಗೆಲ್ಲಿಸಿತು.

ಇನ್ನು ನಿಮ್ಮ ಮೊದಲ ಗೆಳೆಯನ ಕಡೆಗೆ ಬರೋಣ. ಅವನ ಮನಸ್ಸಿನಲ್ಲಿ 2002ರ 'ಮಾಫಿಯಾ' ಇರಬೇಕು. ಚೆಕ್ ದೇಶದ ಬ್ರ್ನೋದಲ್ಲಿ ಇಲ್ಯೂಷನ್ ಸಾಫ್ಟ್‌ವರ್ಕ್ಸ್ ಮಾಡಿದ ಆಟ, 1930ರ ದಶಕದ ಲಾಸ್ಟ್ ಹೆವನ್ ಎಂಬ ಕಲ್ಪಿತ ನಗರ. ಗಂಟೆಗೆ 40 ಮೈಲಿ ದಾಟಿದರೆ, ಕೆಂಪು ದೀಪ ಹಾರಿದರೆ, ಪೊಲೀಸ್ ನಿಲ್ಲಿಸಿ ಚೀಟಿ ಹರಿಯುತ್ತಾನೆ. ಮ್ಯಾಗಜೀನ್ ಪೂರ್ತಿ ಖಾಲಿಯಾಗುವ ಮೊದಲೇ ಬದಲಿಸಿದರೆ ಉಳಿದ ಗುಂಡುಗಳು ಹೋದವು. ಇಷ್ಟೆಲ್ಲ ಇದ್ದೂ ಅದನ್ನು ಜನ ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾರೆ. ಯಾಕೆ ಅಂತ ಬಿಡಿಸಿ ನೋಡಬೇಕು. ವೇಗಕ್ಕೆ ದಂಡ ಮಾತ್ರ, ಗುಂಡು ಹಾರಿಸಿದರೆ ಗುಂಡು: ತಪ್ಪಿಗೆ ತಕ್ಕ ಮೆಟ್ಟಿಲುಗಳಿವೆ. ವೇಗ ಮಿತಿ ಮೀರದ ಹಾಗೆ ನೋಡಿಕೊಳ್ಳಲು ಒಂದು ಕೀಲಿ ಇದೆ, ಒತ್ತಿದರೆ ಮುಗಿಯಿತು, ಮೀಟರನ್ನೇ ದಿಟ್ಟಿಸುತ್ತ ಕೂರಬೇಕಿಲ್ಲ. ಎಲ್ಲಕ್ಕಿಂತ ಮುಖ್ಯ, ಏನೋ ಮಾಡಿ ಬಂದು ಸಾಮಾನ್ಯ ಮನುಷ್ಯನ ಹಾಗೆ ನಿಧಾನವಾಗಿ ಕಾರು ಓಡಿಸುವಾಗಿನ ಎದೆಬಡಿತ ಆ ಕತೆಯ ಭಾಗ. ನಿಯಮ ಅಲ್ಲಿ ಕತೆಗೆ ಕೆಲಸ ಮಾಡುತ್ತಿದೆ. ಅದೇ ಆಟದಲ್ಲಿ ಪೆಟ್ರೋಲ್ ಕೂಡ ಮುಗಿಯುತ್ತದೆ, ಬಂಕ್‌ಗೆ ಹೋಗಿ ತುಂಬಿಸಬಹುದು. ಇದನ್ನು ಮೆಚ್ಚಿ ನೆನಪಿಟ್ಟುಕೊಂಡ ಒಬ್ಬ ಆಟಗಾರನೂ ನನಗೆ ಸಿಕ್ಕಿಲ್ಲ.

ನಾನು ತಂಡಗಳಿಗೆ ಹೇಳುವ ಅಳತೆ ಒಂದೇ. ಈ ನಿಜದಿಂದ ಆಟಗಾರ ಏನಾದರೂ ಆಯ್ಕೆ ಮಾಡಬೇಕಾಗುತ್ತದೆಯೇ, ಅಥವಾ ಬರೀ ಕಾಯಬೇಕಾಗುತ್ತದೆಯೇ? ಆಯ್ಕೆ ತರುವ ನಿಜವನ್ನು ಇಟ್ಟುಕೊಳ್ಳಿ, ಕಾಯಿಸುವ ನಿಜವನ್ನು ಬಿಡಿ. 2010ರ 'ಮಾಫಿಯಾ 2' ಇದಕ್ಕೆ ಅತ್ಯುತ್ತಮ ಪಾಠ. ಅಲ್ಲಿ ಪೊಲೀಸರು ನಿಮ್ಮನ್ನು ಬೇರೆ, ನಿಮ್ಮ ಕಾರನ್ನು ಬೇರೆ ಗುರುತಿಟ್ಟುಕೊಳ್ಳುತ್ತಾರೆ. ಕಾರಿನ ಮೇಲೆ ಕಣ್ಣಿದ್ದರೆ ನಂಬರ್ ಪ್ಲೇಟ್ ಬದಲಿಸಬೇಕು, ಮುಖ ಗುರುತು ಸಿಕ್ಕಿದ್ದರೆ ಬಟ್ಟೆ ಬದಲಿಸಬೇಕು, ಇಲ್ಲವೇ ಫೋನ್ ಮಾಡಿ ಲಂಚ ಕೊಡಬೇಕು. ಒಂದೇ ಬೆನ್ನಟ್ಟುವಿಕೆಗೆ ಮೂರು ದಾರಿ, ಮೂರಕ್ಕೂ ಬೇರೆ ಬೇರೆ ಖರ್ಚು. ಪೊಲೀಸರು ಎಷ್ಟು ಬೆನ್ನಟ್ಟಿದ್ದಾರೆ ಅಂತ ತೋರಿಸುವ ಜಿಟಿಎಯ ನಕ್ಷತ್ರಗಳಿಗಿಂತ ಇದು ನಿಜಕ್ಕೂ ಹತ್ತಿರ, ಆಡಲೂ ಚೆನ್ನ. ಎರಡರ ನಡುವೆ ಜಗಳವೇ ಇಲ್ಲ ನೋಡಿ.

ಹಾಗಾದರೆ ಲೋಕಲ್‌ಗೆ ಕಾಯುವುದು? ಓಪನ್ ವರ್ಲ್ಡ್ ಆಟಗಳಲ್ಲಿ ಹೊತ್ತು, ದೂರ ಎರಡನ್ನೂ ಹಿಂಡಿ ಚಿಕ್ಕದು ಮಾಡಿರುತ್ತಾರೆ. ಜಿಟಿಎ 5ರಲ್ಲಿ ಒಂದು ಇಡೀ ದಿನ ನಮ್ಮ 48 ನಿಮಿಷ. ಆ ಲೆಕ್ಕದಲ್ಲಿ ಚರ್ಚ್‌ಗೇಟ್‌ನಿಂದ 60 ಕಿಲೋಮೀಟರ್ ದೂರದ ವಿರಾರ್‌ಗೆ ಸ್ಲೋ ಲೋಕಲ್ ಹಿಡಿದವನು ಹತ್ತಿರ ಹತ್ತಿರ ಎರಡು ದಿನ ರೈಲಿನಲ್ಲೇ ಕೂತಿರುತ್ತಾನೆ. ಒಂದನ್ನು ನಿಜದ ಅಳತೆಯಲ್ಲಿಟ್ಟು ಉಳಿದದ್ದನ್ನು ಹಿಂಡಿದರೆ ಎಲ್ಲವೂ ಸುಳ್ಳಾಗಿ ಕಾಣುತ್ತದೆ. ಪುನರಾವರ್ತನೆಯ ತೊಂದರೆಯೂ ಇದೆ. ಮೊದಲ ಸಲ ಲೋಕಲ್‌ಗೆ ನುಗ್ಗುವುದು ಅನುಭವ, ಐವತ್ತನೇ ಸಲ ಅದು ಸುಂಕ. ರೈಲನ್ನು ಇಡಿ, ಆದರೆ ಅದರಲ್ಲಿ ಏನಾದರೂ ನಡೆಯುವ ಹೊತ್ತಿಗೆ ಮಾತ್ರ ತೋರಿಸಿ: ಯಾರನ್ನೋ ಹಿಂಬಾಲಿಸುವಾಗ, ಯಾರಿಂದಲೋ ತಪ್ಪಿಸಿಕೊಳ್ಳುವಾಗ. ಒಂದೇ ಗುಂಡಿಗೆ ಸಾಯುವುದೂ ಹಾಗೆಯೇ. ಗುಂಡಿನ ಚಕಮಕಿ ಅಪರೂಪವಾಗಿದ್ದರೆ ಅದು ಆಟಕ್ಕೆ ತೂಕ ಕೊಡುತ್ತದೆ, ಹೆಜ್ಜೆ ಹೆಜ್ಜೆಗೂ ಇದ್ದರೆ ಆಟಗಾರ ಬಿಟ್ಟು ಏಳುತ್ತಾನೆ.

ಈಗ ನಿಮ್ಮ ಗೆಳೆಯರಿಬ್ಬರೂ ನೋಡದ ಜಾಗಕ್ಕೆ ಬರುತ್ತೇನೆ. ಸಂಘಟಿತ ಅಪರಾಧದ ನಿಜ ಇರುವುದು ಪಿಸ್ತೂಲಿನಲ್ಲೂ ಅಲ್ಲ, ಕಾರಿನ ಭಾರದಲ್ಲೂ ಅಲ್ಲ. ದುಡ್ಡಿನಲ್ಲಿ, ಭಯದಲ್ಲಿ, ಋಣದಲ್ಲಿ ಇದೆ. ಮುಂಬಯಿಯ ಭೂಗತ ಲೋಕ ಬೆಳೆದದ್ದಕ್ಕೆ ಕಾರಣಗಳು ಕಾನೂನಿನ ಪುಸ್ತಕದಲ್ಲೇ ಸಿಗುತ್ತವೆ. 1949ರ ಮದ್ಯನಿಷೇಧ ಕಾನೂನಿನಿಂದ ಕಳ್ಳಬಟ್ಟಿಯ ದಂಧೆಗೆ ದಾರಿಯಾಯಿತು. 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಗುವವರೆಗೂ ಹೊರಗಿನಿಂದ ಚಿನ್ನದ ಬಿಸ್ಕತ್ತು ತಂದವನಿಗೆ ಲಾಭ ಖಾತರಿ. 1947ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಬಾಡಿಗೆ ಹೆಚ್ಚದೆ ಉಳಿಯಿತು, ಪಗಡಿ (ಬಾಡಿಗೆ ಹಕ್ಕಿಗಾಗಿ ಕೈಯಲ್ಲಿ ಕೊಡುವ ಇಡುಗಂಟು) ಬೆಳೆಯಿತು, ಖೋಲಿ ಖಾಲಿ ಮಾಡಿಸುವ ಕೆಲಸ ಭಾಯಿಗಳ ಪಾಲಿಗೆ ಬಂತು. ನೀವು ಆರಿಸಿಕೊಂಡ 1982ರಲ್ಲಿ, ಜನವರಿ 18ರಿಂದ, ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ವರ್ಷ ದಾಟಿದರೂ ಅದು ಇತ್ಯರ್ಥವಾಗಲಿಲ್ಲ. ಕೆಲಸ ಕಳೆದುಕೊಂಡ ಮನೆಗಳ ಹುಡುಗರು ಎಲ್ಲಿಗೆ ಹೋದರು ಎಂಬುದು ಪರೇಲ್, ಲಾಲ್‌ಬಾಗ್ ಕಡೆಯ ಹಳಬರಿಗೆ ಗೊತ್ತು. ಇಂಥ ವರ್ಷವನ್ನು ಕೈಯಲ್ಲಿ ಹಿಡಿದುಕೊಂಡು ನೀವು ಪೆಟ್ರೋಲ್ ಮುಗಿಯಬೇಕೋ ಬೇಡವೋ ಅಂತ ಕಾದಾಡುತ್ತಿದ್ದೀರಿ. ನನಗೆ ಸಂಕಟವಾಯಿತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಫ್ತಾವನ್ನು ಆಟವಾಗಿಸಿದ ಪ್ರಯತ್ನಗಳು ಹಿಂದೆಯೂ ಆಗಿವೆ. ಇಎ ಕಂಪನಿಯ 2006ರ 'ದಿ ಗಾಡ್‌ಫಾದರ್' ಆಟದಲ್ಲಿ ಅಂಗಡಿಯವನನ್ನು ಎಷ್ಟು ಹೆದರಿಸಬೇಕು ಎಂಬುದಕ್ಕೆ ಒಂದು ಪಟ್ಟಿ ಏರುತ್ತದೆ. ಕಡಿಮೆಯಾದರೆ ದುಡ್ಡು ಕಡಿಮೆ, ಮಿತಿ ಮೀರಿದರೆ ಅವನು ತಿರುಗಿಬೀಳುತ್ತಾನೆ. ಒಬ್ಬೊಬ್ಬನಿಗೆ ಒಂದೊಂದು ದೌರ್ಬಲ್ಯ. ಒಳ್ಳೆಯ ಕಲ್ಪನೆ, ಆದರೆ ಒಮ್ಮೆ ಒಪ್ಪಿದ ಅಂಗಡಿಯವನ ಕತೆ ಅಲ್ಲಿಗೇ ಮುಗಿಯಿತು. ನಿಮ್ಮ ಅಜ್ಜನ ಕತೆ ಶುರುವಾಗುವುದು ಅವರು ಒಪ್ಪಿದ ಮೇಲೆ.

ಹೀಗೆ ಯೋಚಿಸಿ. ಆಟಗಾರ ವಸೂಲಿಯ ಹುಡುಗ. ಅವನ ಬೀದಿಯಲ್ಲಿ ಒಂದು ಹೋಟೆಲ್, ಒಂದು ಪಾನ್ ಅಂಗಡಿ, ಒಂದು ಖಾನಾವಳಿ, ಒಂದು ಮಟ್ಕಾ ಅಡ್ಡೆ. ಪ್ರತಿ ವಾರ ಅವೇ ಬಾಗಿಲುಗಳು. ಮುಷ್ಕರ ಶುರುವಾದ ಮೇಲೆ ಕಾರ್ಮಿಕರು ಉದ್ರಿ ತಿನ್ನುತ್ತಾರೆ, ಹೋಟೆಲಿನ ಗಲ್ಲಾ ಖಾಲಿ. ಖಾನಾವಳಿ ನಡೆಸುವ ಹೆಂಗಸು ಬಡ್ಡಿಗೆ ಸಾಲ ಎತ್ತಿ ಅಕ್ಕಿ ತರುತ್ತಾಳೆ. ಇದು ಕಲ್ಪನೆಯಲ್ಲ, ಮುಂಬಯಿಯ ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನ ಅಂಥ ಹೆಂಗಸರನ್ನು ಬಡ್ಡಿಯವರ ಕೈಯಿಂದ ಬಿಡಿಸಲೆಂದೇ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಹುಟ್ಟಿತ್ತು. ಈಗ ಹೋಟೆಲಿನವರು 'ಈ ವಾರ ಬಿಡಪ್ಪಾ' ಅನ್ನುತ್ತಾರೆ. ಬಿಟ್ಟರೆ ಮೇಲಿನವನಿಗೆ ಆಟಗಾರ ತನ್ನ ಜೇಬಿನಿಂದ ತುಂಬಬೇಕು. ಹೊಡೆದು ಕಿತ್ತರೆ ಬೀದಿಯ ಉಳಿದ ಬಾಗಿಲುಗಳು ಸುದ್ದಿ ಕೊಡುವುದನ್ನು ನಿಲ್ಲಿಸುತ್ತವೆ, ಯಾರೋ ಹೋಗಿ ಪೊಲೀಸರ ಖಬರಿಯ (ಗುಟ್ಟಾಗಿ ಸುದ್ದಿ ಕೊಡುವವನ) ಕಿವಿಗೆ ಹಾಕುತ್ತಾರೆ. ಬೇರೆ ಗ್ಯಾಂಗಿನವನಿಂದ ಸಾಲ ತಂದು ತುಂಬಿದರೆ ಹೊಸ ಋಣ. ಗುಂಡು ಒಂದೂ ಹಾರಿಲ್ಲ, ಆದರೂ ಆಟಗಾರನ ನಿದ್ದೆ ಕೆಟ್ಟಿದೆ.

ಇದರ ಪ್ರೋಗ್ರಾಮಿಂಗ್ ಇಡೀ ಊರಿನ ಟ್ರಾಫಿಕ್ ಕಟ್ಟುವುದಕ್ಕಿಂತ ಎಷ್ಟೋ ಸುಲಭ. ಪ್ರತಿ ಪಾತ್ರಕ್ಕೂ ಕೆಲವೇ ಅಂಕಿಗಳು ಸಾಕು: ಕೈಯಲ್ಲಿರುವ ದುಡ್ಡು, ಭಯ, ವಿಶ್ವಾಸ, ಯಾರಿಗೆ ಎಷ್ಟು ಬಾಕಿ. ಜೊತೆಗೆ ಆಟಗಾರ ತನ್ನೊಂದಿಗೆ ಕೊನೆಯದಾಗಿ ಹೇಗೆ ನಡೆದುಕೊಂಡ ಎಂಬ ನೆನಪು. ದೊಡ್ಡ ಆಟಗಳಲ್ಲಿ ದಾರಿಹೋಕರು ಸಾಮಾನ್ಯವಾಗಿ ಆಟಗಾರನ ಸುತ್ತಮುತ್ತ ಮಾತ್ರ ಹುಟ್ಟಿ, ಕಣ್ಮರೆಯಾದೊಡನೆ ಅಳಿಸಿಹೋಗುತ್ತಾರೆ. ಅವರಿಗೆ ನಿನ್ನೆ ಎಂಬುದೇ ಇಲ್ಲ. ನೀವು ಕೆಲವೇ ಜನರನ್ನು ಇಟ್ಟು ಅವರಿಗೆಲ್ಲ ನಿನ್ನೆಯನ್ನು ಕೊಡಿ.

1982ರ ಇನ್ನೊಂದು ವರ ಫೋನ್. ಮೊಬೈಲ್ ಇಲ್ಲ, ಚಾಳಿನಲ್ಲಿ ಲ್ಯಾಂಡ್‌ಲೈನ್ ಅಪರೂಪ. ಸುದ್ದಿ ಮನುಷ್ಯರ ಕಾಲಿನ ಮೇಲೆ ಹೋಗುತ್ತದೆ. 'ಮಾಫಿಯಾ 3'ರಲ್ಲಿ ಅಪರಾಧ ಕಂಡವನು ಫೋನ್ ಬೂತ್ ಹುಡುಕಿಕೊಂಡು ಓಡುತ್ತಾನೆ, ಆಟಗಾರ ಅವನನ್ನು ತಡೆಯಬಹುದು. ಅದೇ ಆಟದಲ್ಲಿ 1968ರ ಅಮೆರಿಕದ ದಕ್ಷಿಣದ ಕಪ್ಪು ನಾಯಕನಿಗೆ ಶ್ರೀಮಂತ ಬಿಳಿಯರ ಬಡಾವಣೆಯಲ್ಲಿ ಪೊಲೀಸರು ಬೇಗ ಬರುತ್ತಾರೆ, ಬಡ ಕಪ್ಪು ಜನರ ಕೇರಿಯಲ್ಲಿ ನಿಧಾನವಾಗಿ. ಸಮಾಜದ ಒಂದು ಕಹಿ ನಿಜ ಭಾಷಣವಿಲ್ಲದೆ ಆಟದ ನಿಯಮವಾಗಿದೆ. ಮಲಬಾರ್ ಹಿಲ್‌ನಲ್ಲಿ ಒಂದು ಕಿರುಚಾಟಕ್ಕೆ ಎಷ್ಟು ಹೊತ್ತಿಗೆ ಜೀಪ್ ಬರುತ್ತದೆ, ಗಿರಣಿ ಚಾಳಿನಲ್ಲಿ ಎಷ್ಟು ಹೊತ್ತಿಗೆ ಅಂತ ನೀವೂ ಯೋಚಿಸಬಹುದು.

ಇನ್ನು ನಿಮ್ಮ ಮುಂದಿರುವ ದಾರಿಗಳು. ಇಡೀ ಮುಂಬಯಿಯನ್ನು ಕಟ್ಟಿ ಎಲ್ಲೆಂದರಲ್ಲಿ ತಿರುಗಲು ಬಿಡುವ ದಾರಿಗೆ ನಾಲ್ವರು ಸಾಲುವುದಿಲ್ಲ. ರೊಕ್ಕ ಇದ್ದರೂ ಕಷ್ಟ, ಯಾಕೆಂದರೆ ಇಂಥ ಆಟಗಳ ವಾಹನಗಳು ಲೇನುಗಳ ಜಾಲದ ಮೇಲೆ ಓಡುತ್ತವೆ. ಕಾಳಬಾದೇವಿಯಲ್ಲಿ ಕೈಗಾಡಿ, ನಗರ ಸಾರಿಗೆಯ ಬೆಸ್ಟ್ ಬಸ್, ಟ್ಯಾಕ್ಸಿ, ಹಮಾಲರು ಒಂದೇ ಜಾಗಕ್ಕೆ ನುಗ್ಗುವುದನ್ನು ಆ ಜಾಲ ತೋರಿಸಲಾರದು. ಎರಡನೆಯದು, ಊರನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ನೇರ ಕತೆ ಹೇಳುವುದು. 2025ರ 'ಮಾಫಿಯಾ: ದಿ ಓಲ್ಡ್ ಕಂಟ್ರಿ' ಬೇಕೆಂದೇ ಈ ದಾರಿ ಹಿಡಿಯಿತು. ಅಪಾಯವೇನೆಂದರೆ, ಊರು ತೆರೆದಿದೆ ಅಂತ ತೋರಿಸಿ ಅದರಲ್ಲಿ ಏನೂ ಇಡದಿದ್ದರೆ ಆಟಗಾರ ಮೋಸಹೋದೆ ಅಂದುಕೊಳ್ಳುತ್ತಾನೆ. 'ಮಾಫಿಯಾ 2' ಮೇಲೆ ಈ ದೂರು ಬಂದಿದೆ. ಬಡಾವಣೆ ಬಡಾವಣೆಯಾಗಿ ವಶಪಡಿಸಿಕೊಳ್ಳುವ ಮೂರನೆಯ ಬಗೆಯನ್ನು ನಾನು ಬೇಡ ಅನ್ನುತ್ತೇನೆ. 'ಮಾಫಿಯಾ 3' ಅಷ್ಟು ಒಳ್ಳೆಯ ಕತೆ ಇಟ್ಟುಕೊಂಡೂ ಅದೇ ದಾಳಿಯನ್ನು ಮತ್ತೆ ಮತ್ತೆ ಮಾಡಿಸಿ ದಣಿಸಿತು.

ನನ್ನ ಒಲವು ನಾಲ್ಕನೆಯದಕ್ಕೆ: ಚಿಕ್ಕದಾದ, ಕಿಕ್ಕಿರಿದ ಒಂದೇ ಮೊಹಲ್ಲಾ. ಜಪಾನಿನ ಸೆಗಾ ಕಂಪನಿಯ 'ಯಾಕುಝಾ' ಸರಣಿ 2005ರಿಂದ ಇದನ್ನೇ ಮಾಡಿಕೊಂಡು ಬಂದಿದೆ. ಟೋಕಿಯೋದ ಕಬುಕಿಚೋವನ್ನು ಹೋಲುವ ಕಮುರೊಚೋ ಎಂಬ ಪುಟ್ಟ ಬಡಾವಣೆ, ಆಟದಿಂದ ಆಟಕ್ಕೆ ಅದೇ ಬೀದಿಗಳು, ಕಾಲ ಮಾತ್ರ ಮುಂದೆ ಸರಿಯುತ್ತದೆ. 1988ರಲ್ಲಿ ನಡೆಯುವ 'ಯಾಕುಝಾ 0' ಕತೆಯಂತೂ ಅಂಗೈಯಗಲದ ಒಂದು ಖಾಲಿ ಜಾಗಕ್ಕಾಗಿ ನಡೆಯುವ ಹೊಡೆದಾಟ. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಈ ದಾರಿಯಲ್ಲೂ ಕುತ್ತುಗಳಿವೆ. ಕಾರು ಓಡಿಸುವ ಸುಖ ಬಹುತೇಕ ಹೋಗುತ್ತದೆ, ಕೊಳ್ಳುವವರಲ್ಲಿ ಒಂದು ಪಾಲು ಅಲ್ಲೇ ಕಳಚಿಕೊಳ್ಳುತ್ತದೆ. ಬರವಣಿಗೆಯ ಹೊರೆ ದೊಡ್ಡದು, ಪ್ರತಿ ಅಂಗಡಿಯವನಿಗೂ ವಾರ ವಾರ ಬೇರೆ ಮಾತು ಬೇಕು. ತಂಡದಲ್ಲಿ ಒಬ್ಬರು ಪೂರ್ತಿ ಬರೆಯುವುದಕ್ಕೇ ಕೂರದಿದ್ದರೆ ಇದಕ್ಕೆ ಕೈಹಾಕಬೇಡಿ.

ಚಿಕ್ಕ ಚಿಕ್ಕ ನಿಜಗಳಲ್ಲಿ ಖರ್ಚಿಲ್ಲದವನ್ನು ಮಾತ್ರ ಬಿಡಬೇಡಿ. ರಿಕ್ಷಾಗಳಿಗೆ ಬಾಂದ್ರಾ, ಸಾಯನ್‌ನಿಂದ ದಕ್ಷಿಣಕ್ಕೆ ಪ್ರವೇಶವಿಲ್ಲ, ಪರೇಲ್‌ನಲ್ಲಿ ಒಂದು ರಿಕ್ಷಾ ಕಂಡರೂ ಮುಂಬಯಿಯ ಆಟಗಾರ ನಿಮ್ಮನ್ನು ನಂಬುವುದಿಲ್ಲ. ಟ್ಯಾಕ್ಸಿ ಅಂದರೆ ಕಾಳಿ-ಪೀಳಿ ಪದ್ಮಿನಿ. ಟ್ರಾಮ್ 1964ರಲ್ಲೇ ನಿಂತಿತ್ತು. ಇವತ್ತಿನ ಸಿಎಸ್ಎಂಟಿ ರೈಲು ನಿಲ್ದಾಣದ ಬೋರ್ಡಿನಲ್ಲಿ ವಿಟಿ (ವಿಕ್ಟೋರಿಯಾ ಟರ್ಮಿನಸ್) ಅಂತಲೇ ಇರಬೇಕು. ನಿಮ್ಮ ಅಜ್ಜನ ಕಾಲದ ಹೋಟೆಲ್ ಹುಡುಗರು ತಮ್ಮತಮ್ಮಲ್ಲಿ ತುಳು, ಕುಂದಗನ್ನಡ ಮಾತಾಡಿ ಗಿರಾಕಿಗೆ ಮರಾಠಿ ಆಡುತ್ತಿದ್ದರಲ್ಲ, ಆ ದನಿಗಳನ್ನು ಹಳಬರಿಂದಲೇ ರೆಕಾರ್ಡ್ ಮಾಡಿಸಿ. ಅದು ನಿಮ್ಮನ್ನು ಬಿಟ್ಟು ಬೇರೆ ಸ್ಟುಡಿಯೋದ ಕೈಗೆ ಸುಲಭವಾಗಿ ಸಿಗದ ಸಂಪತ್ತು.

ಮುಂದಿನ ಡೆಮೊದಲ್ಲಿ ಟ್ಯಾಕ್ಸಿಯನ್ನೂ ಪಿಸ್ತೂಲನ್ನೂ ತೆಗೆದುಬಿಡಿ. ಒಂದು ಬೀದಿ, ನಾಲ್ಕು ಬಾಗಿಲು, ಆಟದ ಲೆಕ್ಕದಲ್ಲಿ ಆರು ವಾರ. ಗೋಡೆಗಳಿಗೆ ಬಣ್ಣವೂ ಬೇಡ. ಆಡುವವರು ಒಂದು ಬಾಗಿಲ ಮುಂದೆ ನಿಂತು 'ಕೇಳಲೋ ಬೇಡವೋ' ಅಂತ ಅನುಮಾನಿಸುತ್ತಾರೆಯೇ, ಅದನ್ನು ಮಾತ್ರ ನೋಡಿ. ಅನುಮಾನಿಸದೆ ಬಟನ್ ಒತ್ತಿದರೆ ಅಂಕಿಗಳನ್ನು ತಿದ್ದಿ ಮತ್ತೆ ಆಡಿಸಿ.

ನಿಮ್ಮ ತಂದೆಯವರ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಗೇಮ್ ಆಡಿದವರು ಗೂಂಡಾಗಳಾಗುತ್ತಾರೆ ಎಂಬ ಭಯಕ್ಕೆ ಆಧಾರ ಗಟ್ಟಿಯಿಲ್ಲ. 2019ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಬ್ರಿಟನ್ನಿನ ಸುಮಾರು ಸಾವಿರ ಹದಿಹರೆಯದವರನ್ನು ಅಧ್ಯಯನ ಮಾಡಿ, ಹಿಂಸೆಯ ಆಟಗಳಿಗೂ ಅವರ ಆಕ್ರಮಣಕಾರಿ ನಡತೆಗೂ ನಂಟು ಕಾಣಲಿಲ್ಲ ಅಂದರು. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ, ಕೂಗಾಟ ತಳ್ಳಾಟದಂಥವುಗಳ ಜೊತೆ ಚಿಕ್ಕ ನಂಟಿದೆ, ಆದರೆ ಹಿಂಸಾಕೃತ್ಯಗಳನ್ನು ಆಟಗಳ ತಲೆಗೆ ಕಟ್ಟಲು ಸಾಕಷ್ಟು ಪುರಾವೆಯಿಲ್ಲ ಅಂತ ಹೇಳಿತು. ಆದರೆ ತಂದೆಯವರು ಕೇಳುತ್ತಿರುವುದು ಬಹುಶಃ ಬೇರೆ: ಹಫ್ತಾ ಕೊಟ್ಟವರ ಮನೆಯ ಹುಡುಗ ಹಫ್ತಾ ಕಿತ್ತವನನ್ನು ನಾಯಕನನ್ನಾಗಿ ಮಾಡುತ್ತಾನೆಯೇ? ಅದಕ್ಕೆ ಸಂಶೋಧನೆ ಉತ್ತರ ಕೊಡಲಾರದು, ನಿಮ್ಮ ಆಟ ಕೊಡಬೇಕು. ಪೆಟ್ಟು ತಿಂದವನಿಗೆ ಮುಖ, ಹೆಸರು, ಮುಂದಿನ ವಾರ ಇದ್ದರೆ ವೈಭವೀಕರಣ ತಾನಾಗಿ ಇಳಿಯುತ್ತದೆ. ತಂದೆಯವರನ್ನು ಕೂರಿಸಿ ಹೋಟೆಲ್ ಮಾಲೀಕನ ಸಂಭಾಷಣೆ ಓದಿಸಿ, ಅವರು ತಿದ್ದಲಿ.

ನಿಜವಾದ ಭೂಗತ ದೊರೆಗಳ ಹೆಸರುಗಳನ್ನು ಇಡಬೇಡಿ. ಬದುಕಿರುವವರಿಂದ ಕೇಸು ಬರಬಹುದು, ಜೊತೆಗೆ ಆಟಗಾರ ಪತ್ರಿಕೆಯಲ್ಲಿ ಓದಿದ್ದನ್ನೇ ಹುಡುಕುತ್ತ ಕೂರುತ್ತಾನೆ. ಊರಿಗೂ ಕಲ್ಪಿತ ಹೆಸರಿಟ್ಟರೆ ನಕ್ಷೆಯನ್ನು ಬೇಕಾದ ಹಾಗೆ ಹಿಂಡಬಹುದು, ಆದರೆ 1982ರ ಮುಷ್ಕರದ ತೂಕ ಸ್ವಲ್ಪ ಕಡಿಮೆಯಾಗುತ್ತದೆ. ನಾನಾಗಿದ್ದರೆ ಊರನ್ನೂ ಮುಷ್ಕರವನ್ನೂ ನಿಜವಾಗಿಯೇ ಇಟ್ಟು, ಬೀದಿಯನ್ನೂ ಮನುಷ್ಯರನ್ನೂ ಕಲ್ಪಿಸುತ್ತಿದ್ದೆ. ಮಟ್ಕಾದ ವಿಷಯದಲ್ಲಿ ಮಾತ್ರ ಎಚ್ಚರ. ಅದು ಆಟದೊಳಗಿನ ದುಡ್ಡಿನಲ್ಲೇ ನಡೆಯಲಿ, ಆ ದುಡ್ಡನ್ನು ಅಸಲಿ ರೂಪಾಯಿ ಕೊಟ್ಟು ಕೊಳ್ಳುವಂತೆಯೋ, ಗೆದ್ದದ್ದನ್ನು ಹೊರಗೆ ತೆಗೆಯುವಂತೆಯೋ ಮಾಡಿದರೆ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯ ನಿಷೇಧದ ಒಳಗೆ ಬರುವ ಅಪಾಯವಿದೆ. ಯುರೋಪಿನಲ್ಲಿ ಮಾರುವ ಯೋಚನೆಯಿದ್ದರೆ, ಜೂಜನ್ನು ಕಲಿಸುವ ಆಟಕ್ಕೆ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಅಲ್ಲಿನ ಪೆಗಿ ಮಂಡಳಿ 2020ರಿಂದ 18ರ ಗುರುತು ಹಾಕುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಏರಿಸುವಾಗ ಅವರು ಕೇಳುವ ಪ್ರಶ್ನಾವಳಿಯಲ್ಲಿ ಹಿಂಸೆ, ಜೂಜು ಎರಡನ್ನೂ ಮುಚ್ಚಿಡದೆ ತುಂಬಿ.